ಇಷ್ಟು ಮಳೆ ಬಂದರೂ ಮಾರ್ಚ್‌ನಲ್ಲೇ ಬಾವಿ ಬತ್ತೋದೇಕೆ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆ ಬಾವಿಯ ತಳ ಮಾರ್ಚ್‌ಗೇ ಕಾಣುತ್ತದೆ. ಪಂಚಾಯತ್ ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು. ಒಂದು ಎಕರೆ ಅಡಿಕೆ ತೋಟವಿದೆ. ಬೋರ್ ಕೊರೆಸಿ ಅಂತ ಎಲ್ಲರೂ ಹೇಳುತ್ತಾರೆ. ಕೊರೆಸಬಹುದಾ?

ಉತ್ತರ: ಬೋರ್ ವಿಷಯ ಆಮೇಲೆ ನೋಡೋಣ. ಮೊದಲು ಒಂದು ಲೆಕ್ಕ ಮಾಡಿ.

ಮನೆಯಲ್ಲಿ ಐದು ಜನ ಅಂತಿಟ್ಟುಕೊಳ್ಳಿ. ಜಲಜೀವನ್ ಯೋಜನೆಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಮನೆಗೆ 275 ಲೀಟರ್. ಒಂದು ಎಕರೆಯಲ್ಲಿ ಸುಮಾರು 550 ಅಡಿಕೆ ಮರ ಇರುತ್ತವೆ. ಹನಿ ನೀರಾವರಿಯಲ್ಲೇ ಮರವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ಒಟ್ಟು ಹತ್ತಿರ ಹತ್ತಿರ 10,000 ಲೀಟರ್ ಆಯಿತಲ್ವಾ? ನಿಮ್ಮ ತೋಟ 36 ಮನೆಗಳ ನೀರು ಕುಡಿಯುತ್ತದೆ! ಅದೂ ಹನಿ ಹಾಕಿದರೆ. ಸುತ್ತಲೂ ನೀರು ಚಿಮ್ಮಿಸುವ ಜೆಟ್ ತಿರುಗಿಸಿದರೆ ಇನ್ನೂ ಜಾಸ್ತಿ. ಮರಕ್ಕೆ ಬೇಡದ ಜಾಗವೂ ನೆನೆಯುತ್ತದೆ, ಬಿಸಿಲಿಗೆ ಒಂದಷ್ಟು ಆರಿಯೂ ಹೋಗುತ್ತದೆ. ಹಾಗಾಗಿ ಪಾತ್ರೆ ತೊಳೆಯುವಾಗ ನಲ್ಲಿ ಸಣ್ಣಗೆ ಬಿಡಿ ಅಂತ ನಿಮಗೆ ನಾನು ಹೇಳುವುದಿಲ್ಲ. ಜೆಟ್ ತೆಗೆದು ಹನಿ ಹಾಕಿ. ಬುಡಕ್ಕೆ ಸೊಪ್ಪು, ಸೋಗೆ ದಪ್ಪಗೆ ಮುಚ್ಚಿ. ಬಾವಿಗೆ ಇದರಿಂದ ಸಿಗುವ ಬಿಡುವು ಬೇರೆ ಯಾವುದರಿಂದಲೂ ಸಿಗದು.

ಇನ್ನು ಮಳೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಬೀಳುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಮ್ಮ ಗುಡ್ಡೆಗಳು ಮುರಕಲ್ಲಿನವು, ಅಂದರೆ ತೂತು ತೂತಾದ ಕೆಂಪು ಕಲ್ಲಿನವು. ಮುರಕಲ್ಲು ಜರಡಿ ಇದ್ದ ಹಾಗೆ. ನೀರು ಬೇಗ ಇಳಿಯುತ್ತದೆ, ಅಷ್ಟೇ ಬೇಗ ಬದಿಯಿಂದ ಜಿನುಗಿ ತೋಡು (ಸಣ್ಣ ಹಳ್ಳ) ಸೇರುತ್ತದೆ. ಸಮುದ್ರವೋ ಪಕ್ಕದಲ್ಲೇ ಇದೆ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದರು. ಪಂಪ್ ಇಲ್ಲ, ಕರೆಂಟ್ ಇಲ್ಲ, ಜಿನುಗಿದ ನೀರು ತಾನಾಗಿ ಹರಿದು ಬರುತ್ತದೆ. ಬಾಯಾರು, ಪೆರ್ಲ ಕಡೆ ಈಗಲೂ ಅದನ್ನೇ ಕುಡಿಯುವ ಮನೆಗಳಿವೆ.

ಬೋರ್‌ಗೆ ಬರುವುದು ಆ ಜಿನುಗು ನೀರಲ್ಲ. ಅದು ಮುರ, ಅದರ ಕೆಳಗಿನ ಜೇಡಿ ಎರಡನ್ನೂ ದಾಟಿ ಗಟ್ಟಿ ಬಂಡೆಯ ಬಿರುಕಿಗೆ ಕೈ ಹಾಕುತ್ತದೆ. ಬಿರುಕು ಸಿಕ್ಕರೆ ನೀರು, ಸಿಗದಿದ್ದರೆ ಧೂಳು. ಅಲ್ಲಿ ತೆಗೆದದ್ದು ಮತ್ತೆ ತುಂಬಲು ತುಂಬಾ ಕಾಲ ಬೇಕು. ಕೇಂದ್ರ ಅಂತರ್ಜಲ ಮಂಡಳಿಯ 2017ರ ಅಂದಾಜಿನಲ್ಲಿ ಕಾಸರಗೋಡು ಬ್ಲಾಕ್ 'ಕ್ರಿಟಿಕಲ್' ಪಟ್ಟಿಯಲ್ಲಿತ್ತು. ಅಂದರೆ ವರ್ಷಕ್ಕೆ ತುಂಬುವಷ್ಟನ್ನು ಹತ್ತಿರ ಹತ್ತಿರ ಪೂರ್ತಿ ತೆಗೆಯುತ್ತಿದ್ದರು. ಮಳೆಯಲ್ಲಿ ಮುಳುಗುವ ಊರಿಗೆ ಆ ಪಟ್ಟಿ! ತೋಟಕ್ಕಾಗಿ ಬೋರ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕುಡಿಯಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಯೋಚಿಸಿ. ಆಗಲೂ ಅನುಮತಿ ವಿಚಾರ ಮೊದಲೇ ಕೇಳಿಕೊಳ್ಳಿ.

ಪಂಚಾಯತ್‌ನವರನ್ನು ಕೇಳಬೇಕಾದ್ದು ಬೇರೆ ಇದೆ. ನಾವು ಗ್ರಾಮಸಭೆಯಲ್ಲಿ ನೀರಿನ ಗಲಾಟೆ ಎಬ್ಬಿಸುವುದು ಏಪ್ರಿಲ್‌ನಲ್ಲಿ. ಆಗ ಟ್ಯಾಂಕರ್ ಬಿಟ್ಟರೆ ಅವರ ಕೈಯಲ್ಲೂ ಏನೂ ಇರುವುದಿಲ್ಲ. ಸೆಪ್ಟೆಂಬರ್‌ನಲ್ಲೇ ಕೇಳಿ: ನಮ್ಮ ತೋಡಿನ ಕಿಂಡಿ ಅಣೆಕಟ್ಟಿಗೆ (ಹಲಗೆ ಹಾಕಿ ಕಿಂಡಿ ಮುಚ್ಚಿ ನೀರು ನಿಲ್ಲಿಸುವ ಕಟ್ಟೆ) ಹಲಗೆ ಇದೆಯಾ? ಯಾರು ಹಾಕುತ್ತಾರೆ? ಯಾವತ್ತು? ಸುಮ್ನೆ ಕೇಳುತ್ತಿಲ್ಲ. ಹಲಗೆಗೆ ಗೆದ್ದಲು ಹಿಡಿದು, ಹಾಕುವವರಿಲ್ಲದೆ, ತೋಡು ಹರಿದು ಬರಿದಾದ ಮೇಲೆ ಕಿಂಡಿ ಮುಚ್ಚುವುದು ಎಷ್ಟೋ ಕಡೆ ನಡೆಯುತ್ತದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ಕಡಿಮೆಯಾಗಿ, ತೋಡು ಇನ್ನೂ ಹರಿಯುತ್ತಿರುವಾಗಲೇ ಮುಚ್ಚಬೇಕು. ಎರಡು ಸಾಲು ಹಲಗೆ, ನಡುವೆ ಮಣ್ಣು. ಅಣೆಕಟ್ಟು ಇಲ್ಲದಿದ್ದರೆ ಕಟ್ಟ, ಅಂದರೆ ಕಲ್ಲು ಮಣ್ಣಿನ ತಾತ್ಕಾಲಿಕ ಒಡ್ಡು, ಹಾಕಬಹುದು. ಕುಂಬ್ಡಾಜೆ ಪಂಚಾಯತಿನ ಏತಡ್ಕದವರು ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕಿ ತೋರಿಸಿದ್ದಾರೆ. ಒಂದೇ ಕಟ್ಟ ಹಾಕಿದರೆ ಒಬ್ಬರ ತೋಟಕ್ಕಾಯಿತು. ಸಾಲಾಗಿ ಹಾಕಿದರೆ ಎರಡೂ ದಡದ ಬಾವಿಗಳಿಗೆ ಆಸರೆ.

ಪೈಪ್, ಟ್ಯಾಂಕ್ ಎಷ್ಟು ಬೇಕಾದರೂ ಹಾಕಬಹುದು. ಆ ಟ್ಯಾಂಕಿಗೆ ನೀರು ಬರುವ ಬಾವಿಯ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡುತ್ತೀರಾ ಅಂತ ಒಮ್ಮೆ ಕೇಳಿ ನೋಡಿ. ಬರೆದಿಟ್ಟರೆ ಯಾವ ತಿಂಗಳಿಂದ ನೀರು ಹಂಚಿಕೊಡಬೇಕು ಅಂತ ಜನವರಿಯಲ್ಲೇ ಗೊತ್ತಾಗುತ್ತದೆ.

ನಿಮ್ಮ ಬಾವಿಗೆ ಇನ್ನೊಂದು ಕೆಲಸ ಮಾಡಿ. 1,000 ಚದರಡಿ ಮಾಡಿನ ಮೇಲೆ ವರ್ಷಕ್ಕೆ ಮೂರು ಲಕ್ಷ ಲೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅದನ್ನು ಮರಳು, ಇದ್ದಿಲಿನ ಸೋಸು ತೊಟ್ಟಿ ದಾಟಿಸಿ ಬಾವಿಗೆ ಬಿಡಿ. ಮೊದಲ ಒಂದೆರಡು ಮಳೆಯ ನೀರು ಮಾತ್ರ ಹೊರಗೆ ಹೋಗಲಿ. ಮುರಕಲ್ಲಿನಲ್ಲಿ ಅದು ಪೂರ್ತಿ ನಿಲ್ಲುವುದಿಲ್ಲ, ನಿಜ. ಬಾವಿ ಒಂದೆರಡು ವಾರ ತಡವಾಗಿ ಬತ್ತಿದರೂ ಬೇಸಿಗೆಯಲ್ಲಿ ಅದರ ಬೆಲೆ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ಕಾಸರಗೋಡು ಪೇಟೆಯಲ್ಲಿದ್ದೇವೆ. ಕೆಲವು ಬೇಸಿಗೆಯಲ್ಲಿ ನಲ್ಲಿ ನೀರು ಉಪ್ಪಾಗಿದ್ದದ್ದೇಕೆ? ಕುದಿಸಿದರೆ ಸರಿಯಾಗುತ್ತದಾ?

ಉತ್ತರ: ಉಪ್ಪು ಹೋಗಲಿ ಅಂತ ಕುದಿಸಬೇಡಿ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ, ರುಚಿ ಇನ್ನೂ ಕೆಡುತ್ತದೆ. ಪೇಟೆಗೆ ನೀರು ಬರುವುದು ಪಯಸ್ವಿನಿ ಹೊಳೆಯಿಂದ, ಬಾವಿಕ್ಕೆರೆ ಎಂಬಲ್ಲಿ ಎತ್ತಿ. ಹೊಳೆಯ ಹರಿವು ಸೋತಾಗ ಸಮುದ್ರ ಉಬ್ಬುವ ಭರತದ ಜೊತೆ ಸಮುದ್ರದ ನೀರು ಮೇಲೇರುತ್ತದೆ. ಉಪ್ಪು ನೀರು ಭಾರ, ತಳದಲ್ಲೇ ತೆವಳಿ ಬರುತ್ತದೆ. ಹಿಂದೆ ಪ್ರತಿವರ್ಷ ಮರಳು ಚೀಲದ ತಡೆ ಹಾಕುತ್ತಿದ್ದರು. ಅದು ಒಡೆದರೆ ಊರಿಗೆಲ್ಲ ಉಪ್ಪು. ಆಮೇಲೆ ಶಾಶ್ವತ ರೆಗ್ಯುಲೇಟರ್ (ಉಪ್ಪು ನೀರು ತಡೆಯುವ ಬಾಗಿಲುಗಳ ಅಣೆಕಟ್ಟು) ಬಂತು. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು. ನಾಲಗೆಗೆ ಉಪ್ಪು ಗೊತ್ತಾಗುತ್ತಿದ್ದರೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ತಳ ಕಂಡ ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

ಉತ್ತರ: 1,000 ಲೀಟರಿಗೆ ಎರಡೂವರೆ ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಒಂದು ಮೀಟರ್ ನೀರಿದ್ದರೆ ಸುಮಾರು 3,000 ಲೀಟರ್, ಅಂದರೆ ಏಳೆಂಟು ಗ್ರಾಂ ಸಾಕು. ಬಕೆಟ್‌ನಲ್ಲಿ ಕಲಸಿ, ಸುಣ್ಣ ಅಡಿಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಾವಿಗೆ ಬಿಡಿ. ಕೊಡಪಾನ ಇಳಿಸಿ ನಾಲ್ಕು ಸಲ ಅಲ್ಲಾಡಿಸಿ. ಒಂದು ಗಂಟೆ ಬಿಟ್ಟು ನೀರು ಸೇದಿ. ರಾತ್ರಿ ಹಾಕಿ ಮಲಗಿದರೆ ಇನ್ನೂ ಒಳ್ಳೆಯದು.