ಕಡಿಮೆ ಸಂಬಳದಲ್ಲಿ ಒಂದು ತಿಂಗಳ ದಿನಸಿ ಮುಂಚೇನೇ ಮನೇಲಿ ಇಟ್ಕೊಳ್ಳೋದು ಹೇಗೆ?

ನೀವು ಕೇಳಿರೋದು ಇಷ್ಟು: ಬೆಂಗಳೂರಲ್ಲಿ ಬಾಡಿಗೆ ಮನೆ, ಗಂಡ ಹೆಂಡ್ತಿ ಇಬ್ಬರು ಮಕ್ಕಳು, ಸಂಬಳ ತಿಂಗಳ ಕೊನೆ ಹೊತ್ತಿಗೆ ಖಾಲಿ, ಲಾಕ್‌ಡೌನ್ ತರ ಮತ್ತೆ ಏನಾದ್ರೂ ಬಂದ್ರೆ ಅಥವಾ ರೇಟ್ ಇದ್ದಕ್ಕಿದ್ದಂಗೆ ಏರಿದ್ರೆ ಅಂತ ಒಂದು ತಿಂಗಳ ಸಾಮಾನು ಎಕ್ಸ್‌ಟ್ರಾ ಇಟ್ಕೋಬೇಕು, ಆದ್ರೆ ಒಟ್ಟಿಗೇ ಐದಾರು ಸಾವಿರ ಹಾಕೋ ಶಕ್ತಿ ಇಲ್ಲ, ತಂದಿಟ್ರೂ ಹುಳ ಬೀಳತ್ತೆ.

ಒಟ್ಟಿಗೆ ಹಾಕ್ಲೇಬೇಡಿ. ಪ್ರತಿ ಸಾಮಾನಿಗೂ ಅದರದ್ದೇ ಸುಗ್ಗಿ ಅಂತ ಇರತ್ತೆ, ಆ ಟೈಮಲ್ಲಿ ಆ ಒಂದೇ ಸಾಮಾನು ಸ್ವಲ್ಪ ಜಾಸ್ತಿ ತಗೊಳ್ಳಿ, ಮುಂದಿನ ತಿಂಗಳು ಇನ್ನೊಂದು. ತಿಂಗಳಿಗೆ 200-300 ರೂಪಾಯಿ ಅಂತ ಎತ್ತಿಟ್ರೂ ವರ್ಷ ತಿರುಗೋದ್ರೊಳಗೆ ನೀವು ಹೇಳೋ ಒಂದು ತಿಂಗಳ ಸ್ಟಾಕಲ್ಲಿ ಬಹುಪಾಲು ಮನೇಲಿ ಇರತ್ತೆ. ನಮ್ಮಮ್ಮನ ಮನೆ ತೀರ್ಥಹಳ್ಳಿ ಕಡೆ, ಅಲ್ಲಿ ಮಳೆಗಾಲಕ್ಕೆ ಅಂತ ಬೇಸಿಗೇಲೇ ಎಲ್ಲ ಕೂಡಿಡೋದು, ಮದುವೆ ಆಗಿ ಬಂದಿದ್ದು ತುಮಕೂರಿಗೆ, ಇಲ್ಲಿ ನಮ್ಮತ್ತೆ ವರ್ಷದ ರಾಗಿ, ವರ್ಷದ ಹುಣಸೆಹಣ್ಣು ಅಂತ ಇಡೋರು, ಎರಡೂ ಕಡೇದು ನೋಡಿ ಕಲ್ತಿದ್ದು ಹೇಳ್ತಿದೀನಿ. ಇವರ್ಯಾರೂ ದುಡ್ಡಿರೋರಲ್ಲ, ದುಡ್ಡಿಲ್ಲದೇ ಇರೋದಕ್ಕೇ ಹೀಗೆ ಮಾಡ್ತಿದ್ರು.

ಮೊದಲು ನಿಮ್ಮ ಮನೇಲಿ ಎಷ್ಟು ಖರ್ಚಾಗತ್ತೆ ಗೊತ್ತಾಗ್ಬೇಕು. ಅಕ್ಕಿ ಮೂಟೆ, ಬೇಳೆ ಪ್ಯಾಕೆಟ್, ಎಣ್ಣೆ ಒಡೆದ ದಿನ ಅದರ ಮೇಲೇ ಪೆನ್ನಲ್ಲಿ ತಾರೀಖು ಬರೀರಿ, ಖಾಲಿ ಆದಾಗ ನೋಡಿ, ಎರಡು ತಿಂಗಳಲ್ಲಿ ಲೆಕ್ಕ ಸರಿಯಾಗಿ ಸಿಗತ್ತೆ. ಅಲ್ಲೀವರೆಗೂ ಅಂದಾಜಿಗೆ, ನಿಮ್ಮ ತರ ಇಬ್ಬರು ದೊಡ್ಡೋರು ಇಬ್ಬರು ಮಕ್ಕಳಿರೋ ಮನೇಗೆ ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ ತಿಂಗಳಿಗೆ 25 ಕೆ.ಜಿ. ಹತ್ರ, ಬೇಳೆ ಕಾಳು ಸೇರಿ 4 ಕೆ.ಜಿ., ಎಣ್ಣೆ 3 ಲೀಟರ್, ಉಪ್ಪು 1 ಕೆ.ಜಿ. ಅಂತ ಇಟ್ಕೊಳ್ಳಿ. ದಿನಾ ತಿನ್ನೋದನ್ನೇ ಇಡಿ, ಯಾರೋ ವಿಡಿಯೋದಲ್ಲಿ ತೋರಿಸಿದ್ರು ಅಂತ ಓಟ್ಸು, ಟಿನ್ ಫುಡ್ಡು, ಹತ್ತು ತರ ಸಿರಿಧಾನ್ಯ ತಂದು ಗುಡ್ಡೆ ಹಾಕೋದು ಬೇಡ. ನವಣೆ ಸಾಮೆ ಎಲ್ಲ ಒಳ್ಳೇದೇ, ಆದ್ರೆ ಪಾಲಿಶ್ ಮಾಡದೇ ಇರೋದ್ರಲ್ಲಿ ತವುಡಿನ ಎಣ್ಣೆ ಅಂಶ ಇರತ್ತಲ್ಲ, ಅಕ್ಕಿ ಮಾಡಿಸಿದ ಮೇಲೆ ಬೇಗ ಕಮಟು ವಾಸನೆ ಬರತ್ತೆ, ಬ್ರೌನ್ ರೈಸೂ ಅಷ್ಟೇ.

ಈಗ ಸುಗ್ಗಿ ವಿಷಯ. ರಾಗಿ ಕೊಯ್ಲು ನವೆಂಬರ್ ಡಿಸೆಂಬರ್, ಒಕ್ಕಣೆ ಎಲ್ಲ ಮುಗಿದು ಸಂಕ್ರಾಂತಿ ಹೊತ್ತಿಗೆ ಹಳ್ಳಿ ಕಡೆ ಚೆನ್ನಾಗಿ ಸಿಗತ್ತೆ, ಊರಿಂದ ಯಾರಾದ್ರೂ ಬರೋರಿದ್ರೆ 10 ಕೆ.ಜಿ. ತರಿಸ್ಕೊಳ್ಳಿ. ರಾಗಿಯಷ್ಟು ಬಾಳಿಕೆ ಬರೋ ಧಾನ್ಯ ನಮ್ಮಲ್ಲಿ ಕಡಿಮೆ, ಕಾಳಾಗಿ ಇಟ್ರೆ ವರ್ಷಗಟ್ಟಲೆ ಇರತ್ತೆ, ಹಿಟ್ಟು ಮಾಡಿಸಿದ್ರೆ ಮಾತ್ರ ಎರಡು ಮೂರು ತಿಂಗಳಲ್ಲಿ ಕಹಿ ಬರೋಕೆ ಶುರು. ಅದಕ್ಕೇ ಎರಡೆರಡು ಮೂರ್ಮೂರು ಕೆ.ಜಿ. ಬೀಸಿಸಿ, ಆದ್ರೆ ಹಿಟ್ಟು ಪೂರ್ತಿ ಖಾಲಿ ಆಗೋವರೆಗೂ ಕಾಯ್ಬೇಡಿ, ಲಾಕ್‌ಡೌನ್ ಶುರುವಲ್ಲಿ ನಮ್ಮ ಏರಿಯಾದ ಮಿಲ್ಲು ಬಾಗಿಲು ಹಾಕಿತ್ತು, ಮನೇಲಿ ರಾಗಿ ಇದ್ದೂ ಮುದ್ದೆ ಮಾಡೋಕಾಗದೇ ಒದ್ದಾಡಿದೋರು ನಮ್ಮ ಬೀದೀಲೇ ಇದ್ರು. ತೊಗರಿ ಡಿಸೆಂಬರ್ ಜನವರೀಲಿ ಕಲಬುರಗಿ ಕಡೆ ಕೊಯ್ಲು, ಹೊಸ ಬೇಳೆ ಅಂಗಡಿಗೆ ಬರೋದು ಅದಾದ ಮೇಲೆ, ಫೆಬ್ರವರಿ ಮಾರ್ಚಲ್ಲಿ 2-3 ಕೆ.ಜಿ. ಜಾಸ್ತಿ ತಗೊಳ್ಳಿ. 2015ರಲ್ಲಿ ತೊಗರಿಬೇಳೆ 200 ರೂಪಾಯಿ ಹತ್ರ ಹೋಗಿತ್ತು, ನೆನಪಿರ್ಬಹುದು, ಅದು ಹಾಗೆ ಏರಿದ್ದು ಹಬ್ಬದ ಸೀಸನ್ನಲ್ಲಿ, ಅಕ್ಟೋಬರ್ ಹೊತ್ತಿಗೆ. ಹಳೇದು ಮುಗಿದು ಹೊಸದು ಬಾರದೇ ಇರೋ ಆ ಎರಡು ಮೂರು ತಿಂಗಳೇ ಕಷ್ಟದ್ದು, ನಮ್ಮ ಸ್ಟಾಕ್ ಬೇಕಾಗೋದು ಅವಾಗ್ಲೇ.

ಒಣಮೆಣಸಿನಕಾಯಿ ಬ್ಯಾಡಗಿ ಮಾರ್ಕೆಟ್ಟಿಗೆ ಜೋರಾಗಿ ಬರೋದು ಜನವರಿಯಿಂದ ಏಪ್ರಿಲ್, ಹುಣಸೆಹಣ್ಣು ಫೆಬ್ರವರಿಯಿಂದ ಏಪ್ರಿಲ್. ಹುಣಸೆ ಬಗ್ಗೆ ಸ್ವಲ್ಪ ಒತ್ತಿ ಹೇಳ್ತೀನಿ, ಯಾಕಂದ್ರೆ ಜನ ಇದನ್ನ ಸ್ಟಾಕ್ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. 2023ರ ಜುಲೈಲಿ ಟೊಮ್ಯಾಟೊ ಕೆ.ಜಿ.ಗೆ 100 ದಾಟ್ತಲ್ಲ, ಹುಣಸೆ ಇರೋ ಮನೇಲಿ ಸಾರಿಗೆ ಏನೂ ತೊಂದ್ರೆ ಆಗ್ಲಿಲ್ಲ. ಬೀಜ ನಾರು ತೆಗೆದು, ಬಿಸಿಲು ಕಾಯಿಸಿ, ಕಲ್ಲುಪ್ಪು ಸೇರಿಸಿ ಭರಣೀಲಿ ಒತ್ತಿ ಒತ್ತಿ ತುಂಬಿಡಿ, ಬಣ್ಣ ಕಪ್ಪಾಗತ್ತೆ ಅಷ್ಟೇ, ಕೆಡಲ್ಲ. ಪಿಂಗಾಣಿ ಇಲ್ಲಾಂದ್ರೆ ಗಾಜಿಂದು, ಅಲ್ಯೂಮಿನಿಯಂ ಡಬ್ಬಕ್ಕೆ ಮಾತ್ರ ಹಾಕ್ಬೇಡಿ, ಹುಳಿ ತಿಂದ್ಹಾಕತ್ತೆ. ಈರುಳ್ಳಿ ಇಡೋದಾದ್ರೆ ಬೇಸಿಗೇಲಿ ಬರೋದು, ಏಪ್ರಿಲ್ ಮೇ ದು, ಚೆನ್ನಾಗಿ ಒಣಗಿರತ್ತೆ, ಗಾಳಿ ಆಡೋ ಬುಟ್ಟೀಲಿ ಹರಡಿಟ್ರೆ ಎರಡು ಮೂರು ತಿಂಗಳು ಬರತ್ತೆ. ಮಳೆಗಾಲದ ಬೆಳೆ, ಚಿತ್ರದುರ್ಗ ಗದಗ ಕಡೆಯಿಂದ ದಸರಾ ದೀಪಾವಳಿ ಹೊತ್ತಿಗೆ ಬರತ್ತಲ್ಲ, ಅದು ಹಸಿ ಜಾಸ್ತಿ, ಅದನ್ನ ಇಟ್ಕೊಂಡ್ರೆ ಕೊಳೆಯೋದೇ, ಬೇಕಾದಷ್ಟೇ ತನ್ನಿ.

ಅಕ್ಕಿ ಮಾತ್ರ ಯಾವಾಗ ತಗೊಂಡ್ರೂ ಲಾಸ್ ಇಲ್ಲ. ಹೊಸ ಅಕ್ಕಿ ಅನ್ನ ಅಂಟಂಟು, ಹಳೇದಾದಷ್ಟೂ ಉದುರುದುರು, ಅದಕ್ಕೇ ಅಂಗಡೀಲಿ ಹಳೇ ಅಕ್ಕಿಗೆ ರೇಟ್ ಜಾಸ್ತಿ. ಹೊಸದು ತಂದು ನೀವೇ ಆರು ತಿಂಗಳು ಇಟ್ರೆ ಆ ವ್ಯತ್ಯಾಸ ನಿಮ್ಮ ಕೈಲೇ ಉಳಿಯತ್ತೆ. ಈಗ ಎಲ್ಲ ಕಡೆ 26 ಕೆ.ಜಿ. ಮೂಟೆ ನೋಡ್ತೀರಲ್ಲ, 2022ರ ಜುಲೈಲಿ 25 ಕೆ.ಜಿ.ವರೆಗಿನ ಪ್ಯಾಕ್‌ಗೆ ಜಿಎಸ್‌ಟಿ 5 ಪರ್ಸೆಂಟ್ ಹಾಕಿದ್ಮೇಲೆ ಬಂದಿದ್ದು ಅದು, ಹಾಗಾಗಿ 5 ಕೆ.ಜಿ., 10 ಕೆ.ಜಿ. ಪ್ಯಾಕ್ ತಗೊಂಡ್ರೆ ಆ ಟ್ಯಾಕ್ಸ್ ನಿಮ್ಮ ತಲೆ ಮೇಲೆ. ಮೂಟೆಗೆ ಒಟ್ಟಿಗೆ ದುಡ್ಡು ಹೊಂದಿಸೋಕೆ ಆಗ್ದಿದ್ರೆ ಪಕ್ಕದ ಮನೆಯೋರ ಜೊತೆ ಅರ್ಧರ್ಧ ಮಾಡ್ಕೊಳ್ಳಿ, ಮೂರ್ನಾಲ್ಕು ಮನೆ ಸೇರಿದ್ರೆ ಯಶವಂತಪುರ ಎಪಿಎಂಸಿ ಯಾರ್ಡಲ್ಲಿ ಹೋಲ್‌ಸೇಲ್ ರೇಟಿಗೆ ಅಕ್ಕಿ ಬೇಳೆ ಬೆಲ್ಲ ತರಬಹುದು, ಆದ್ರೆ ಆಟೋ ಬಾಡಿಗೆನೂ ಲೆಕ್ಕ ಹಾಕಿ ನೋಡಿ.

ನಿಮ್ಮದು ಬಿಪಿಎಲ್ ಕಾರ್ಡ್ ಇದ್ಯಾ ಬರೆದಿಲ್ಲ. ಇದ್ರೆ ಆ ರೇಷನ್ ಅಕ್ಕೀನೇ ನಿಮ್ಮ ಮೊದಲ ಸ್ಟಾಕು. ಬಹಳ ಮನೆಗಳಲ್ಲಿ ಅದನ್ನ ಕೆ.ಜಿ.ಗೆ ಹತ್ತೋ ಹದಿನೈದೋ ರೂಪಾಯಿಗೆ ಮಾರ್ಬಿಡ್ತಾರೆ, ನನಗೆ ನೋಡಿದ್ರೆ ಸಂಕಟ ಆಗತ್ತೆ, ಮಾರೋದೂ ಕಾನೂನಿಗೆ ವಿರುದ್ಧ. ಅನ್ನಕ್ಕೆ ಇಷ್ಟ ಆಗ್ದಿದ್ರೆ ದೋಸೆ ಇಡ್ಲಿಗೆ, ಅಕ್ಕಿರೊಟ್ಟಿ ಹಿಟ್ಟಿಗೆ, ಸಂಡಿಗೆಗೆ ಚೆನ್ನಾಗೇ ಆಗತ್ತೆ. ಅದರಲ್ಲಿ ಕೆಲವು ಸಲ ಅಲ್ಲೊಂದು ಇಲ್ಲೊಂದು ಬೇರೆ ತರದ ಕಾಳು ಕಾಣತ್ತೆ, ತೊಳೆಯೋವಾಗ ತೇಲತ್ತೆ, ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಬಿಸಾಕ್ತಾರೆ. ಪ್ಲಾಸ್ಟಿಕ್ ಅಲ್ಲ, ಅದು ಸಾರವರ್ಧಿತ ಅಕ್ಕಿ, ಕಬ್ಬಿಣಾಂಶ, ಫೋಲಿಕ್ ಆ್ಯಸಿಡ್, ಬಿ12 ಸೇರಿಸಿ ಮಾಡಿರೋದು, ಬಿಸಾಕ್ಬೇಡಿ.

ಇನ್ನು ಹುಳದ ವಿಷಯ. ದುಡ್ಡು ಉಳಿಯೋದು ಹೋಗೋದು ಎರಡೂ ಇಲ್ಲೇ, ತಗೊಳ್ಳೋವಾಗ ಕೆ.ಜಿ.ಗೆ 5 ರೂಪಾಯಿ ಉಳಿಸಿ ಆಮೇಲೆ ಅರ್ಧ ಬೇಳೆ ಕುಟ್ಟೆ ಹುಳದ ಪಾಲಾದ್ರೆ ಏನ್ ಬಂತು. ಹಿಂದೆ ಈ ಕಡೆ ರಾಗಿ ಇಡ್ತಿದ್ದಿದ್ದು ಹಗೇವಲ್ಲಿ, ನೆಲದೊಳಗೆ ತೋಡಿದ ಗುಂಡಿ, ಬಾಯಿ ಮುಚ್ಚಿ ಮಣ್ಣು ಮೆತ್ತಿಬಿಡೋರು. ತೆಗೆದ ತಕ್ಷಣ ಯಾರೂ ಒಳಗೆ ಇಳೀತಿರಲಿಲ್ಲ, ಉಸಿರು ಕಟ್ಟಿ ಸಾಯೋ ಅಪಾಯ ಇತ್ತು, ಗಾಳಿ ಆಡಿದ ಮೇಲೇ ಇಳಿಯೋದು. ಒಳಗೆ ಗಾಳಿ ಇಲ್ಲ ಅಂದ್ರೆ ಹುಳಾನೂ ಬದುಕಲ್ಲ, ತೇವ ಇಲ್ಲ ಅಂದ್ರೆ ಬೂಷ್ಟು ಬರಲ್ಲ, ಅಷ್ಟೇ ಇದರ ಗುಟ್ಟು. ನಿಮ್ಮ ಬಾಡಿಗೆ ಮನೇಲಿ ಅದನ್ನೇ ಮಾಡೋಕೆ ದುಡ್ಡು ಬೇಕಾಗಿಲ್ಲ: 2 ಲೀಟರಿನ ಕೂಲ್‌ಡ್ರಿಂಕ್ಸ್ ಬಾಟ್ಲು ತೊಳೆದು ಎರಡು ಮೂರು ದಿನ ಬಾಯಿ ತೆಗೆದು ಬೋರಲು ಹಾಕಿ ಒಣಗಿಸಿ, ಒಳಗೆ ಒಂದು ಹನಿ ನೀರೂ ಇರಬಾರದು, ಬೇಳೆ, ಹುರಳಿ, ರಾಗಿ, ಕಡ್ಲೆಕಾಳು ಕುಲುಕಿ ಕುಲುಕಿ ಬಾಯಿ ತನಕ ತುಂಬಿ ಮುಚ್ಚಳ ಬಿಗಿ ಮಾಡಿ. ಒಂದು ಬಾಟ್ಲಿ ತೆಗೆದ್ರೆ ಉಳಿದವು ಹಾಗೇ ಭದ್ರ. ಇಲಿ ಕಾಟ ಇರೋ ಮನೆ ಆದ್ರೆ ಹೋಟ್ಲು ಬೇಕರೀಲಿ ಖಾಲಿ ಆಗಿರೋ 15 ಕೆ.ಜಿ. ಎಣ್ಣೆ ಟಿನ್ ಕೇಳಿ ತಗೊಳ್ಳಿ, ಸೋಪಿನ ನೀರಲ್ಲಿ ಉಜ್ಜಿ ಒಣಗಿಸಿದ್ರೆ ಆಯ್ತು.

ತುಂಬೋಕೆ ಮುಂಚೆ ಬೇಳೆ ಕಾಳು ಒಂದೆರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಆಮೇಲೆ ನೆರಳಲ್ಲಿ ಪೂರ್ತಿ ತಣ್ಣಗಾಗ್ಲಿ, ಬಿಸಿ ಬಿಸೀನೇ ಮುಚ್ಚಿದ್ರೆ ಒಳಗೆ ಬೆವರು ಕಟ್ಟತ್ತೆ. ಅಕ್ಕಿನ ಮಾತ್ರ ಸುಡು ಬಿಸಿಲಿಗೆ ಹಾಕ್ಬೇಡಿ, ಕಾಳು ಸೀಳಿ ನುಚ್ಚಾಗತ್ತೆ, ನೆರಳಲ್ಲಿ ಗಾಳಿಗೆ ಹರಡಿದ್ರೆ ಸಾಕು. ತೊಗರಿಬೇಳೆಗೆ ಕೆ.ಜಿ.ಗೆ ಒಂದು ಸ್ಪೂನ್ ಹರಳೆಣ್ಣೆ ಸವರಿಡೋದು ನಮ್ಮತ್ತೆ ಪದ್ಧತಿ, ಮಾಡೋವಾಗ ಬಿಸಿನೀರಲ್ಲಿ ತೊಳೆದ್ರೆ ಹೋಗತ್ತೆ. ರವೆ ಹುರಿದಿಡಿ. ಫ್ರಿಜ್ ಇದ್ರೆ ಹೆಸರುಕಾಳು ಅಲಸಂದೆ, ಇವಕ್ಕೆ ಕುಟ್ಟೆ ಬಹಳ ಬೇಗ, ಪ್ಯಾಕೆಟ್ ಸಮೇತ ನಾಲ್ಕು ದಿನ ಫ್ರೀಜರಲ್ಲಿಟ್ಟು, ಹೊರಗೆ ತೆಗೆದು ರೂಮಿನ ಬಿಸಿಗೆ ಬಂದ ಮೇಲೇ ಪ್ಯಾಕೆಟ್ ಒಡೆದು ತುಂಬಿ, ಮೊಟ್ಟೆ ಸಮೇತ ಸಾಯತ್ತೆ. ಬೇವಿನ ಸೊಪ್ಪು, ಒಣಮೆಣಸಿನಕಾಯಿ ಹಾಕಿದ್ರೆ ತಪ್ಪೇನಿಲ್ಲ, ಸೊಪ್ಪು ಗರಿಗರಿ ಒಣಗಿರ್ಲಿ, ಹಸಿ ಸೊಪ್ಪು ಹಾಕಿದ್ರೆ ತೇವ ನೀವೇ ಸೇರಿಸಿದಂಗೆ. ಇನ್ನೊಂದು, ಇದು ಜೀವದ ವಿಷಯ: ಗೋಡೌನಲ್ಲಿ ಧಾನ್ಯಕ್ಕೆ ಇಡೋ ಮಾತ್ರೆ ಅಂತ ಯಾರಾದ್ರೂ ಕೊಟ್ರೆ ದಯವಿಟ್ಟು ಮನೆ ಒಳಗೆ ತರ್ಬೇಡಿ. ಅದರಿಂದ ಬರೋ ಫಾಸ್ಫೀನ್ ಗ್ಯಾಸ್ ಮುಚ್ಚಿದ ರೂಮಲ್ಲಿ ಮಲಗಿರೋರನ್ನ ಕೊಲ್ಲತ್ತೆ, ಮಕ್ಕಳಿರೋ ಮನೆ ನಿಮ್ಮದು.

ತರಕಾರಿ ಬಗ್ಗೆ ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ನಮ್ಮಮ್ಮನ ಮನೆ ಕಡೆ, ಮಲೆನಾಡಲ್ಲಿ, ಮಳೆ ಹಿಡೀತು ಅಂದ್ರೆ ಕರೆಂಟಿಲ್ಲ, ಗುಡ್ಡ ಜರಿದ್ರೆ ರೋಡಿಲ್ಲ, 2019ರ ಆಗಸ್ಟಲ್ಲಿ ಚಾರ್ಮಾಡಿ ಘಾಟಿ ಕುಸಿದು ದೊಡ್ಡ ಗಾಡಿ ಓಡಾಟ ತಿಂಗಳುಗಟ್ಟಲೆ ನಿಂತಿತ್ತು. ಅಂಥ ಜಾಗದಲ್ಲಿ ಫ್ರಿಜ್ ನಂಬಿ ಕೂರೋಕಾಗಲ್ಲ. ಮಂಗಳೂರು ಸೌತೆಕಾಯಿನ ಬಾಳೆನಾರಲ್ಲಿ ಕಟ್ಟಿ ಸೂರಿಗೆ ನೇತು ಹಾಕ್ತಾರೆ, ಒಂದಕ್ಕೊಂದು ತಾಗದೇ ಇದ್ರೆ ತಿಂಗಳುಗಟ್ಟಲೆ ಇರತ್ತೆ, ಬೂದುಗುಂಬಳ, ಸಿಹಿಗುಂಬಳ, ಸುವರ್ಣಗಡ್ಡೆ ಅಟ್ಟದ ಮೇಲೆ, ಹಲಸಿನ ತೊಳೆ ಉಪ್ಪಲ್ಲಿ, ಹಲಸಿನ ಬೀಜಕ್ಕೆ ಕೆಮ್ಮಣ್ಣು ಹಚ್ಚಿ, ಅಪ್ಪೆಮಿಡಿ (ಉಪ್ಪಿನಕಾಯಿ ಹಾಕೋ ಮಾವಿನ ಮಿಡಿ) ಭರಣೀಲಿ, ಹಪ್ಪಳ, ಬಾಳಕ (ಒಣಗಿಸಿದ ಮಜ್ಜಿಗೆ ಮೆಣಸು) ಡಬ್ಬೀಲಿ. ಬೆಂಗಳೂರಲ್ಲಿ ನಿಮಗೆ ಅಟ್ಟ ಇಲ್ದೇ ಇರಬಹುದು, ಆದ್ರೆ ಕುಂಬಳಕಾಯಿ, ಸುವರ್ಣಗಡ್ಡೆ, ಒಂದೆರಡು ಸೌತೆಕಾಯಿ ಗಾಳಿ ಬರೋ ಮೂಲೇಲಿ ಯಾರ ಮನೇಲಾದ್ರೂ ಇಡಬಹುದು. ಕುಂಬಳಕಾಯಿ ಇಡೀದೇ ತಗೊಳ್ಳಿ, ತೊಟ್ಟಿರೋದು.

ಎಣ್ಣೆ ಜಾಸ್ತಿ ಕೂಡಿಡೋದು ಬೇಡ, 2-3 ಪ್ಯಾಕೆಟ್ ಮುಂದೆ ಇದ್ರೆ ಸಾಕು, ಬೆಳಕು ಬೀಳದ ಕಡೆ. 2022ರಲ್ಲಿ ಯುಕ್ರೇನ್ ಯುದ್ಧ, ಆಮೇಲೆ ಇಂಡೋನೇಷ್ಯಾ ಪಾಮ್ ಆಯಿಲ್ ರಫ್ತು ನಿಲ್ಲಿಸಿದ್ದು, ಎರಡೂ ಸೇರಿ ರೇಟ್ ಏರಿತು, ಆದ್ರೆ ಆ ರಫ್ತು ನಿಷೇಧ ಒಂದು ತಿಂಗಳೂ ಇರಲಿಲ್ಲ, ಅಂಥ ಟೈಮ್ ದಾಟೋಕೆ ಎರಡು ಮೂರು ಪ್ಯಾಕೆಟ್ಟೇ ಸಾಕಾಗತ್ತೆ. ವಾಟ್ಸಾಪಲ್ಲಿ ಸುದ್ದಿ ಬಂದ ದಿನ ಅಂಗಡಿಗೆ ಓಡಬೇಡಿ. 2016ರ ನವೆಂಬರಲ್ಲಿ ಉಪ್ಪು ಸಿಗಲ್ಲ ಅಂತ ಉತ್ತರ ಭಾರತದಲ್ಲಿ ವದಂತಿ ಎದ್ದು ಜನ ಹತ್ತಾರು ಪಟ್ಟು ಕೊಟ್ಟು ಉಪ್ಪು ತಗೊಂಡ್ರು, ಉಪ್ಪಿಗೆ ಏನೂ ಕೊರತೆ ಇರಲಿಲ್ಲ. 2023ರ ಜುಲೈಲಿ ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ನಿಲ್ಲಿಸಿದಾಗ ಅಮೆರಿಕದಲ್ಲಿರೋ ನಮ್ಮೋರೂ ಸೋನಾ ಮಸೂರಿಗೆ ಹಂಗೇ ಮುಗಿಬಿದ್ರು. ಸುದ್ದಿ ಇಲ್ಲದ ದಿನ ತಗೊಂಡಿದ್ದೇ ನಿಜವಾದ ಸ್ಟಾಕು, ಮತ್ತೆ ನೀವು ಆ ದಿನ ಕ್ಯೂನಲ್ಲಿ ನಿಲ್ದಿದ್ರೆ ದಿನಗೂಲಿ ಮೇಲೆ ಬದುಕೋ ಇನ್ನೊಬ್ಬರಿಗೆ ಒಂದು ಕೆ.ಜಿ. ಸಿಗತ್ತೆ.

ಸ್ಟೋವ್ ಹಚ್ಚೋಕಾಗದ ದಿನಕ್ಕೆ ಸ್ವಲ್ಪ ಬೇರೆ ಇಡಿ: ಅವಲಕ್ಕಿ, ಹುರಿಗಡಲೆ, ಕಡ್ಲೆಬೀಜ, ಬೆಲ್ಲ, ರಾಗಿ ಹುರಿಹಿಟ್ಟು. ಹುರಿಹಿಟ್ಟಿಗೆ ಬೆಲ್ಲ ನೀರು ಕಲಸಿದ್ರೆ ಮಕ್ಕಳ ಹೊಟ್ಟೆ ತುಂಬತ್ತೆ. ಒಂದೇ ಸಿಲಿಂಡರ್ ಇದ್ರೆ ಎರಡನೇದಕ್ಕೆ ಸ್ವಲ್ಪ ಸ್ವಲ್ಪ ದುಡ್ಡು ಕೂಡಿಸಿ, ದಿನಸಿಗಿಂತ ಮುಖ್ಯ ಅದು. 2024ರ ಬೇಸಿಗೇಲಿ ಬೆಂಗಳೂರಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಪರದಾಡಿದ್ದು ನೀವೇ ನೋಡಿರ್ತೀರ, ಕುಡಿಯೋಕೆ ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ಮೂರ್ನಾಲ್ಕು ದಿನದ ನೀರು ಇರಲಿ, ಅಂದ್ರೆ 20 ಲೀಟರಿನ ಕ್ಯಾನು ಮೂರು, ಮುಚ್ಚಳ ಬಿಗಿ ಇರ್ಲಿ ಇಲ್ಲಾಂದ್ರೆ ಡೆಂಗಿ ಸೊಳ್ಳೆ. ಮನೇಲಿ ಯಾರಿಗಾದ್ರೂ ಬಿಪಿ ಶುಗರ್ ಮಾತ್ರೆ ಇದ್ರೆ 15 ದಿನದ್ದು ಮುಂದಿರ್ಲಿ, ಜನೌಷಧಿ ಅಂಗಡೀಲಿ ಕಡಿಮೆಗೆ ಸಿಗತ್ತೆ, ಜೊತೆಗೆ ನಾಲ್ಕು ಒಆರ್‌ಎಸ್ ಪ್ಯಾಕೆಟ್.

ಎಲ್ಲಿಂದ ಶುರು ಮಾಡೋದು ಅಂತಿದ್ರೆ, ಈ ತಿಂಗಳು 1 ಕೆ.ಜಿ. ಹುರಳಿ, 1 ಕೆ.ಜಿ. ಉಪ್ಪು, 1 ಕೆ.ಜಿ. ಬೆಲ್ಲ ತನ್ನಿ, 300ರೊಳಗೆ ಆಗತ್ತೆ. ಹುರಳಿ ಯಾಕಂದ್ರೆ ಅಗ್ಗ, ಪ್ರೋಟೀನು, ಬೇಯಿಸಿದ ಕಟ್ಟಲ್ಲಿ ಸಾರು, ಕಾಳಲ್ಲಿ ಪಲ್ಯ, ಒಂದೇ ಖರ್ಚಲ್ಲಿ ಎರಡು. ಮುಂದಿನ ತಿಂಗಳು ಯಾವುದರ ಸುಗ್ಗಿ ಅಂತ ನೋಡ್ಕೊಂಡು ಅದನ್ನ ತಗೊಳ್ಳಿ. ಹೊಸದು ಬಂದಾಗ ಹಿಂದಕ್ಕಿಟ್ಟು ಹಳೇದನ್ನ ಮೊದಲು ಖರ್ಚು ಮಾಡಿ.