ಪಟ್ಟದಕಲ್ಲಿನ ಗುಡಿ ಎಲ್ಲಾ ಒಂದ ಥರಾ ಕಂಡ್ವು ಅಂದಿದ್ರಲ್ಲ, ಅದಕ್ಕ

ಬಹುಶಃ ನೀವು ಶಿಖರ ನೋಡದ ಸೀದಾ ಒಳಗ ಹೊಕ್ಕೀರಿ, ಅದಕ್ಕ ಹಂಗ ಅನಿಸೈತಿ. ಮೊದ್ಲ ಹೊರಗ ನಿಂತ ಮ್ಯಾಲೆ ನೋಡ್ರಿ, ಗಳಗನಾಥ ಗುಡಿದು ಬಾಗಿ ಏರೋ ನಾಗರ ಶಿಖರ, ಅಂದ್ರ ಉತ್ತರ ಭಾರತದ ಶೈಲಿ, ಸಂಗಮೇಶ್ವರಂದು ಅಂತಸ್ತು ಅಂತಸ್ತಿನ ದ್ರಾವಿಡ, ಅಂದ್ರ ದಕ್ಷಿಣದ್ದು, ಎರಡೂ ಒಂದ ಅಂಗಳದಾಗ ಅದಾವಲ್ಲ ಅದ ಇಲ್ಲಿ ದೊಡ್ಡ ಮಾತು. ಆಮ್ಯಾಲೆ ವಿರೂಪಾಕ್ಷ. ಚಾಲುಕ್ಯ ರಾಜ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಇವತ್ತಿಗೂ ಪೂಜಿ ನಡೀತೈತಿ. ಪೂರ್ವಕ್ಕ ಮುಖ ಐತಿ, ಅದಕ್ಕ ಮುಂಜಾನೆನ ಹೋಗ್ರಿ, ಕಂಬದ ಮ್ಯಾಲಿನ ರಾಮಾಯಣ ಮಹಾಭಾರತದ ಸಾಲು ಭಾಳ ಸಣ್ಣ ಕೆತ್ತನಿ, ಬಾಗಲದಿಂದ ಬೆಳಕು ಅಡ್ಡ ಬಿದ್ದಾಗ ಒಂದೊಂದ ಮುಖಾನೂ ಎದ್ದ ಕಾಣ್ತೈತಿ, ಹಂಗ ನಿಂತ ನೋಡಬೇಕ್ರಿ. ಕಡೀಗೆ ಪಾಪನಾಥ, ದಕ್ಷಿಣಕ್ಕ ಸ್ವಲ್ಪ ನಡೀಬೇಕು ಅಂತ ಮಂದಿ ಅರ್ಧಕ್ಕ ವಾಪಸ್ ಬರ್ತಾರ, ನೀವು ಬಿಡಬ್ಯಾಡ್ರಿ, ಹೊರಗೋಡಿ ಮ್ಯಾಲೆ ರಾಮಾಯಣ ಐತಿ.