‘ಭೂಮಿಗಿಂತ ಹಳೆಯದು ಜೀವ’ ಎಂಬ ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನ ಈಗಿರುವಂತೆ ಅಚ್ಚಿಗೆ ಹೋಗದು. ತಿದ್ದಿ ಕೊಟ್ಟರೆ ಸಂತೋಷದಿಂದ ಹಾಕುತ್ತೇವೆ, ಏಕೆಂದರೆ ವಿಷಯ ಒಳ್ಳೆಯದು, ಕನ್ನಡದಲ್ಲಿ ಬರಬೇಕಾದದ್ದು.

2013ರಲ್ಲಿ ವಿಜ್ಞಾನಿಗಳಾದ ಅಲೆಕ್ಸೀ ಶರೋವ್ ಮತ್ತು ರಿಚರ್ಡ್ ಗಾರ್ಡನ್ ಮುಂದಿಟ್ಟ ಲೆಕ್ಕವನ್ನು ನೀವು ಆಧರಿಸಿದ್ದೀರಿ: ಜೀನೋಮಿನ (ಜೀವಿಯ ಒಟ್ಟು ಡಿಎನ್‌ಎ) ಸಂಕೀರ್ಣತೆ 37.6 ಕೋಟಿ ವರ್ಷಕ್ಕೊಮ್ಮೆ ಇಮ್ಮಡಿಯಾಗಿದೆ. ಅದೇ ವೇಗದಲ್ಲಿ ಹಿಂದೆ ಸರಿದರೆ ಜೀವದ ಆರಂಭ 970 ಕೋಟಿ ವರ್ಷಗಳಾಚೆ. ಭೂಮಿಗೆ 454 ಕೋಟಿ ವರ್ಷ. ನೀವು ಇದನ್ನು ‘ಸಾಬೀತಾಗಿದೆ’ ಎಂದು ಬರೆದಿದ್ದೀರಿ. ಆ ಪದ ಹೋಗಲೇಬೇಕು. ಅವರೇ ಹಾಕಿಕೊಂಡ ‘250 ಕೋಟಿ ವರ್ಷ ಆಚೀಚೆ’ ಎಂಬ ಅಂಚನ್ನು ಏಕೆ ಬಿಟ್ಟಿರಿ? ಉಪಶೀರ್ಷಿಕೆಯಲ್ಲಿ 97 ಕೋಟಿ ಎಂದಾಗಿದೆ. ಒಂದು ಬಿಲಿಯನ್ ಅಂದರೆ 100 ಕೋಟಿ, ಸೊನ್ನೆ ಎಣಿಸಿ.

‘ಜೀನೋಮ್ ದೊಡ್ಡದಾದಷ್ಟೂ ಜೀವಿ ಸಂಕೀರ್ಣ’ ಎಂಬ ವಾಕ್ಯ ತಪ್ಪು. ಈರುಳ್ಳಿಯ ಜೀನೋಮ್ ನಮ್ಮದಕ್ಕಿಂತ ಸುಮಾರು ಐದು ಪಟ್ಟು ದೊಡ್ಡದು. ಶರೋವ್ ಎಣಿಸಿದ್ದು ಒಟ್ಟು ಉದ್ದವನ್ನಲ್ಲ; ಮತ್ತೆ ಮತ್ತೆ ಬರುವ ತುಣುಕುಗಳನ್ನು ಕಳೆದು, ಕೆಲಸ ಮಾಡುವ ಭಾಗವನ್ನು ಮಾತ್ರ.

ಲೇಖನದ ನಿಜವಾದ ತೊಡಕು ಗ್ರಾಫಿನಲ್ಲಿದೆ. ಅದರಲ್ಲಿರುವುದು ಬ್ಯಾಕ್ಟೀರಿಯಾದಂಥ ಜೀವಿಗಳಿಂದ ಸಸ್ತನಿಗಳವರೆಗೆ ಐದೇ ಚುಕ್ಕಿ, ಹರವು ಸುಮಾರು 350 ಕೋಟಿ ವರ್ಷ. ಮಿಕ್ಕ 620 ಕೋಟಿ ವರ್ಷದ ಗೆರೆಯ ಕೆಳಗೆ ಒಂದು ಚುಕ್ಕಿಯೂ ಇಲ್ಲ. ವೇಗ ಆಗಲೂ ಇಷ್ಟೇ ಇತ್ತೆನ್ನಲು ಆಧಾರವೇನು? ನೀವು ಮೆಚ್ಚಿ ಬಳಸಿದ ಕಂಪ್ಯೂಟರ್ ಚಿಪ್ಪಿನ ಹೋಲಿಕೆಯನ್ನೇ ಪರೀಕ್ಷಿಸಿ. 1971ರ ಇಂಟೆಲ್ 4004 ಚಿಪ್ಪಿನಲ್ಲಿ 2,300 ಟ್ರಾನ್ಸಿಸ್ಟರ್, ಅಂದರೆ ಪುಟ್ಟ ವಿದ್ಯುತ್ ಸ್ವಿಚ್ಚು. ಈ ಸಂಖ್ಯೆ ಎರಡು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂಬ ಲೆಕ್ಕ ಹಿಡಿದು, ಹಿಂದಕ್ಕೆ ಅರ್ಧ ಮಾಡುತ್ತ ಬನ್ನಿ: ಹನ್ನೊಂದು ಸಲಕ್ಕೆ ಒಂದಕ್ಕಿಳಿಯುತ್ತದೆ, ಇಸವಿ 1949. ಜ್ಯಾಕ್ ಕಿಲ್ಬಿ ಮೊದಲ ಚಿಪ್ ತೋರಿಸಿದ್ದು 1958ರಲ್ಲಿ. ಹದಿಮೂರು ವರ್ಷದ ದಾರಿಯನ್ನು ಲೆಕ್ಕ ಇಪ್ಪತ್ತೆರಡು ಎಂದಿತು, ಏಕೆಂದರೆ ಆರಂಭದಲ್ಲಿ ಬೆಳವಣಿಗೆ ಇನ್ನೂ ಚುರುಕಾಗಿತ್ತು. ಜೀವದಲ್ಲೂ ಹೀಗಾಗಿರಬಹುದು. ನಿಮ್ಮ ಲೇಖನದ ತಿರುಳು ಇಲ್ಲೇ ಇದೆ. ಎರಡು ಪ್ಯಾರಾ ಕೊಡಿ.

ಆಮೇಲೆ 2024ರ ಅಧ್ಯಯನವೊಂದನ್ನು ಸೇರಿಸಿ. ಇಂದಿನ ಎಲ್ಲ ಜೀವಿಗಳ ಕೊನೆಯ ಸಮಾನ ಪೂರ್ವಜ, ಅಂದರೆ ಲೂಕಾ, 420 ಕೋಟಿ ವರ್ಷಗಳ ಹಿಂದೆಯೇ ಸುಮಾರು 25 ಲಕ್ಷ ಬೇಸ್ ಜೋಡಿಯ (ಡಿಎನ್‌ಎ ಏಣಿಯ ಒಂದೊಂದು ಮೆಟ್ಟಿಲು) ಜೀನೋಮ್ ಹೊಂದಿತ್ತು ಎನ್ನುತ್ತದೆ ಅದು. ಒಂದು ಜೋಡಿಯಿಂದ ಅಷ್ಟಾಗಲು 21 ಇಮ್ಮಡಿ ಬೇಕು, 37.6 ಕೋಟಿಯಂತೆ ಸುಮಾರು 800 ಕೋಟಿ ವರ್ಷ, ಕೂಡಿದರೆ 1,220 ಕೋಟಿ. ಒಂದೇ ಚುಕ್ಕಿಗೆ ಉತ್ತರ 250 ಕೋಟಿ ವರ್ಷ ಜರುಗಿತು! ಇಷ್ಟು ಹಿಂದೆ ಹೋಗುವ ಬದಲು, ಮೊದಲ ಹೆಜ್ಜೆಗಳು ಬೇಗ ಬಿದ್ದವು ಎನ್ನುವುದೇ ನಮಗೆ ಹೆಚ್ಚು ಸರಿ ಕಾಣುತ್ತದೆ. ನೀವು ಒಪ್ಪದಿದ್ದರೆ ವಾದಿಸಿ ಬರೆಯಿರಿ, ಆದರೆ ಎರಡೂ ಬದಿಯ ಅಂಕಿಗಳನ್ನು ಓದುಗರ ಮುಂದಿಡಿ.

ಅನ್ಯಗ್ರಹದ ಜೀವಿಗಳ ಕೊನೆಯ ಪುಟ ಬೇಡ. ಗ್ರಾಫನ್ನು ನೀವೇ ಬರೆದು ಕಳಿಸಿ: ಚುಕ್ಕಿಗಳಿರುವಷ್ಟು ದೂರ ಗಟ್ಟಿ ಗೆರೆ, ಅದರ ಹಿಂದಕ್ಕೆ ಬಿಡಿಬಿಡಿ ಗೆರೆ.